ಕಂಬಳಿ ಹೊದ್ದ ಬೆಟ್ಟ ಖರಾಬು ಜಮೀನಲ್ಲ

ಜೂನ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳಲ್ಲಿ ಗುಂಡಿ ತೋಡುವ ಸಂಭ್ರಮ. ಅರಣ್ಯ ಇಲಾಖೆಯ ನರ್ಸರಿಯಿಂದ ಸಸಿಗಳು ಬರುತ್ತವೆ. ಊರಿನ ಹಿರಿಯರು ಬಂದು ಒಂದು ಸಸಿಗೆ ನೀರೆರೆದು ಫೋಟೊ ತೆಗೆಸಿಕೊಳ್ಳುತ್ತಾರೆ. ಎಷ್ಟು ಸಸಿ ನೆಟ್ಟೆವು ಎಂಬ ಲೆಕ್ಕ ಮೇಲಿನ ಕಚೇರಿಗೆ ಹೋಗುತ್ತದೆ. ಎಷ್ಟು ಬದುಕಿದವು ಎಂಬ ಲೆಕ್ಕವನ್ನು ಯಾರೂ ಕೇಳುವುದಿಲ್ಲ, ಆ ಮಾತು ಬೇರೆ.

ಮಕ್ಕಳೇ, ಈಗ ನಾನು ಹೇಳುವುದನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಭೂಮಿಯ ಮೇಲೆ ಇನ್ನೊಂದು ಕಡೆ, ಪರಿಸರವನ್ನು ಉಳಿಸಬೇಕೆಂದು ಹೊರಟವರೇ ಮರಗಳನ್ನು ಕಡಿಯುತ್ತಿದ್ದಾರೆ. ಒಂದೆರಡು ಮರಗಳನ್ನಲ್ಲ, ಇಡೀ ನೆಡುತೋಪುಗಳನ್ನೇ. ಮರ ತೆಗೆದ ಮೇಲೆ ಅಲ್ಲಿನ ಕಾಲುವೆಗಳಿಗೆ ಅಡ್ಡಗಟ್ಟೆ ಹಾಕಿ ನೆಲವನ್ನು ಮತ್ತೆ ಕೆಸರು ಮಾಡುತ್ತಿದ್ದಾರೆ. ಇದನ್ನು ಮಾಡುತ್ತಿರುವವರು ಮರಗಳ್ಳರಲ್ಲ. ಹಕ್ಕಿಗಳ ರಕ್ಷಣೆಗೆಂದೇ ಹುಟ್ಟಿದ ಒಂದು ದೊಡ್ಡ ಸಂಸ್ಥೆ ಮತ್ತು ಅಲ್ಲಿನ ಸರ್ಕಾರದ ಇಲಾಖೆಗಳು. ಏಕೆ ಹೀಗೆ ಎಂಬುದನ್ನು ತಿಳಿಯಲು ನಾವು ಸ್ಕಾಟ್ಲೆಂಡಿನ ಉತ್ತರ ತುದಿಗೆ ಹೋಗಬೇಕು.

ಅಲ್ಲಿ ಕೇತ್‌ನೆಸ್ ಮತ್ತು ಸದರ್ಲೆಂಡ್ ಎಂಬ ಎರಡು ಸೀಮೆಗಳಿವೆ. ಅವುಗಳ ನಡುವೆ ಸುಮಾರು 4,000 ಚದರ ಕಿಲೋಮೀಟರ್, ಅಂದರೆ ಹೆಚ್ಚುಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು ವಿಸ್ತಾರವಾದ ಜೌಗು ನೆಲ ಹರಡಿದೆ. ಹೆಸರು ಫ್ಲೋ ಕಂಟ್ರಿ. 2024ರ ಜುಲೈನಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಸಮಿತಿಯ 46ನೇ ಅಧಿವೇಶನ ನಮ್ಮ ನವದೆಹಲಿಯಲ್ಲಿ ನಡೆಯಿತು. ಅಸ್ಸಾಮಿನ ಅಹೋಮ್ ಅರಸರ ಸಮಾಧಿ ದಿಬ್ಬಗಳು ಪಟ್ಟಿಗೆ ಸೇರಿದ್ದು ಅದೇ ಅಧಿವೇಶನದಲ್ಲಿ. ಆ ಸುದ್ದಿಯನ್ನು ನೀವು ಓದಿರಬಹುದು. ಫ್ಲೋ ಕಂಟ್ರಿಯ ಸುಮಾರು 1,87,000 ಹೆಕ್ಟೇರ್ ಜೌಗು ಕೂಡ ಅಲ್ಲೇ ವಿಶ್ವ ಪರಂಪರೆಯ ತಾಣವೆಂದು ಘೋಷಿತವಾಯಿತು. ಅರಮನೆಯಿಲ್ಲ, ಗುಡಿಯಿಲ್ಲ, ದಟ್ಟ ಕಾಡಿಲ್ಲ, ಜಲಪಾತವಿಲ್ಲ. ಬರೀ ಕೆಸರು, ಹಾವಸೆ, ಕಪ್ಪು ನೀರಿನ ಕೊಳಗಳು. ನಮ್ಮಲ್ಲಾಗಿದ್ದರೆ ಪಹಣಿಯಲ್ಲಿ ‘ಖರಾಬು’ ಎಂದು ಬರೆದು ಮುಗಿಸುತ್ತಿದ್ದರು. ಅಲ್ಲಿಯೂ ಬಹುಕಾಲ ಹಾಗೆಯೇ ಎಂದುಕೊಂಡಿದ್ದರು.

ಬೆಟ್ಟಕ್ಕೆ ಹೊದಿಸಿದ ಕಂಬಳಿ

ಕೆರೆಯ ಅಂಚಿನಲ್ಲಿ, ತಗ್ಗಿನಲ್ಲಿ ಜೌಗು ಇರುವುದು ನಮಗೆ ಗೊತ್ತು. ನೀರು ತಗ್ಗಿಗೆ ಹರಿಯುತ್ತದೆ, ಅಲ್ಲಿ ನಿಲ್ಲುತ್ತದೆ. ಆದರೆ ಬೆಟ್ಟದ ನೆತ್ತಿಯ ಮೇಲೆ, ಇಳಿಜಾರಿನ ಮೇಲೆ ಕೂಡ ಜೌಗು ಇರಬಹುದೇ? ಬ್ರಿಟನ್ ಮತ್ತು ಐರ್ಲೆಂಡಿನ ಬೆಟ್ಟಗಳಲ್ಲಿ ಇದೆ. ಉಬ್ಬು, ತಗ್ಗು, ಇಳಿಜಾರು ಯಾವುದನ್ನೂ ಬಿಡದೆ ಇಡೀ ಬೆಟ್ಟಕ್ಕೆ ಕಂಬಳಿ ಹೊದಿಸಿದಂತೆ ಅದು ಹರಡಿಕೊಂಡಿರುತ್ತದೆ. ಅದಕ್ಕೇ ಅದನ್ನು ಕಂಬಳಿ ಜೌಗು ಎನ್ನುತ್ತಾರೆ. ಇಂಗ್ಲೆಂಡಿನ ಪೆನೈನ್ ಬೆಟ್ಟಸಾಲಿನಲ್ಲಿ ಇದು ಎತ್ತರದ ಬೋಳು ನೆತ್ತಿಗಳ ಮೇಲಿದೆ. ಉತ್ತರಕ್ಕೆ ಹೋದಂತೆ ಚಳಿ ಹೆಚ್ಚುವುದರಿಂದ ಫ್ಲೋ ಕಂಟ್ರಿಯಲ್ಲಿ ಅದು ತಗ್ಗಿನ ನೆಲಕ್ಕೂ ಇಳಿದು ಬಂದಿದೆ.

ಈ ಕಂಬಳಿಯನ್ನು ನೇಯುವುದು ಮಳೆ. ವರ್ಷಕ್ಕೆ ಕನಿಷ್ಠ 1,000 ಮಿಲಿಮೀಟರ್ ಮಳೆ ಬೇಕು. ಅದು ಕನಿಷ್ಠ 160 ದಿನಗಳಲ್ಲಿ ಹಂಚಿ ಬೀಳಬೇಕು. ಬೇಸಿಗೆಯೂ ತಣ್ಣಗಿರಬೇಕು. ಇಲ್ಲಿ ಶಿಕ್ಷಕರು ಮಕ್ಕಳಿಗೆ ಒಂದು ಪ್ರಶ್ನೆ ಹಾಕಬಹುದು. ನಮ್ಮ ಆಗುಂಬೆಯಲ್ಲಿ ಇದರ ಹಲವು ಪಟ್ಟು ಮಳೆ ಬೀಳುತ್ತದೆ. ಅಲ್ಲೇಕೆ ಕಂಬಳಿ ಜೌಗು ಇಲ್ಲ? ಆಗುಂಬೆಯ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಸುರಿದು ಹೋಗುತ್ತದೆ. ಆಮೇಲೆ ಬಿಸಿಲು. ಬೆಚ್ಚಗಿನ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಉದುರಿದ ಎಲೆಯನ್ನು ಬೇಗನೆ ಕೊಳೆಸಿ ಗೊಬ್ಬರ ಮಾಡುತ್ತವೆ. ಸ್ಕಾಟ್ಲೆಂಡಿನಲ್ಲಿ ಜಡಿಮಳೆ, ಮಂಜು, ಚಳಿ ಮುಗಿಯುವುದೇ ಇಲ್ಲ. ಬಿದ್ದ ನೀರು ಪೂರ್ತಿ ಆರುವುದಿಲ್ಲ. ನೆನೆದ ನೆಲದೊಳಗೆ ಗಾಳಿ ಹೋಗುವುದಿಲ್ಲ. ಸತ್ತ ಸಸ್ಯ ಕೊಳೆಯುವುದಕ್ಕಿಂತ ಬೇಗ ಹೊಸ ಸಸ್ಯ ಬೆಳೆದು ಅದರ ಮೇಲೆ ಕೂರುತ್ತದೆ.

ಹೀಗೆ ಅರೆಕೊಳೆತ ಸಸ್ಯಭಾಗಗಳು ಪದರ ಪದರವಾಗಿ ಕೂಡಿ ಆಗುವ ಕಂದು ಬಣ್ಣದ ಮೆತ್ತನೆಯ ವಸ್ತುವೇ ಪೀಟ್. ನರ್ಸರಿಗಳಲ್ಲಿ ಕೋಕೋಪೀಟ್ ಎಂಬ ಪುಡಿಯನ್ನು ನೋಡಿರುತ್ತೀರಿ. ಅದು ತೆಂಗಿನ ನಾರು ಬಿಡಿಸುವಾಗ ಉಳಿಯುವ ಪುಡಿ, ನಿಜವಾದ ಪೀಟ್ ಅಲ್ಲ. ಯುರೋಪಿನ ಕೈತೋಟಗಳಲ್ಲಿ ಜೌಗಿನಿಂದ ಅಗೆದು ತಂದ ಪೀಟನ್ನು ಬಳಸುತ್ತಿದ್ದರು. ಅದಕ್ಕೆ ಬದಲಾಗಿ ಬಂದದ್ದರಿಂದ ತೆಂಗಿನ ಪುಡಿಗೆ ಆ ಹೆಸರು ಅಂಟಿಕೊಂಡಿತು. ನಮ್ಮ ದೇಶದಿಂದ ಹೊರಕ್ಕೆ ಹೋಗುವ ಒಂದೊಂದು ಕೋಕೋಪೀಟ್ ಇಟ್ಟಿಗೆಯೂ ಎಲ್ಲೋ ಒಂದು ಜೌಗಿನ ಮೇಲಿನ ಸಲಿಕೆಯ ಏಟನ್ನು ತಪ್ಪಿಸಬಹುದು.

ಪೀಟ್ ಬೆಳೆಯುವ ವೇಗ ಅಂದಾಜು ವರ್ಷಕ್ಕೆ ಒಂದು ಮಿಲಿಮೀಟರ್. ಹಾಗಾದರೆ ಒಂದು ಗೇಣು ಪೀಟ್ ಎಂದರೆ ಇನ್ನೂರು ವರ್ಷ. ಐದನೇ ತರಗತಿಯ ಹುಡುಗಿಯೊಬ್ಬಳ ಎತ್ತರ 120 ಸೆಂಟಿಮೀಟರ್ ಇದೆ ಎನ್ನೋಣ. ಅವಳು ಪೀಟ್ ಕತ್ತರಿಸಿದ ಗೋಡೆಯ ಪಕ್ಕದಲ್ಲಿ ನಿಂತರೆ, ತಲೆಯ ಮಟ್ಟದಲ್ಲಿ ಈ ವರ್ಷದ ಹಾವಸೆ, ಪಾದದ ಮಟ್ಟದಲ್ಲಿ 1,200 ವರ್ಷ ಹಿಂದಿನ ಹಾವಸೆ. ಕನ್ನಡದಲ್ಲಿ ಕವಿರಾಜಮಾರ್ಗ ರಚನೆಯಾದ ಶತಮಾನ ಅದು. ಫ್ಲೋ ಕಂಟ್ರಿಯ ಕೆಲವೆಡೆ ಪೀಟಿನ ಆಳ ಹತ್ತು ಮೀಟರ್ ಮುಟ್ಟುತ್ತದೆ.

ಬೇರಿಲ್ಲದ ಗಿಡ, ಹುಳ ತಿನ್ನುವ ಗಿಡ

ಈ ಕಂಬಳಿಯ ನೂಲು ಯಾವುದು? ಸ್ಫ್ಯಾಗ್ನಂ ಎಂಬ ಹಾವಸೆ. ಮಳೆಗಾಲದಲ್ಲಿ ನಮ್ಮ ಹಳೆಯ ಗೋಡೆಗಳ ಮೇಲೆ ಬೆಳೆಯುವ ಹಾವಸೆಯ ದೂರದ ನೆಂಟ. ಇದಕ್ಕೆ ಬೇರಿಲ್ಲ. ತುದಿಯಲ್ಲಿ ಬೆಳೆಯುತ್ತ ಹೋಗುತ್ತದೆ, ಬುಡದಲ್ಲಿ ಸಾಯುತ್ತ ಬರುತ್ತದೆ. ಇದರ ಎಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಬಗೆಯ ಜೀವಕೋಶಗಳು ಕಾಣುತ್ತವೆ. ಒಂದು ಬಗೆಯವು ತೆಳ್ಳಗಿನ ಹಸಿರು ಕೋಶಗಳು. ಇವು ಆಹಾರ ತಯಾರಿಸುತ್ತವೆ. ಇನ್ನೊಂದು ಬಗೆಯವು ದೊಡ್ಡ ಕೋಶಗಳು. ಇವು ಸತ್ತು ಬರಿದಾಗಿ, ಗೋಡೆಯಲ್ಲಿ ತೂತು ಮಾತ್ರ ಉಳಿದಿರುತ್ತದೆ. ಈ ಖಾಲಿ ಕೊಡಗಳೇ ನೀರು ತುಂಬಿಕೊಳ್ಳುವವು. ಸ್ಫ್ಯಾಗ್ನಂ ತನ್ನ ಒಣ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹಿಡಿಯಬಲ್ಲದು. ಮೊದಲ ಮಹಾಯುದ್ಧದಲ್ಲಿ ಹತ್ತಿಗೆ ಕೊರತೆಯಾದಾಗ ಬ್ರಿಟನ್ನಿನಲ್ಲಿ ಇದನ್ನೇ ಒಣಗಿಸಿ ಗಾಯಾಳು ಸೈನಿಕರ ಗಾಯಕ್ಕೆ ಕಟ್ಟುತ್ತಿದ್ದರು. ರಕ್ತ, ಕೀವು ಎಲ್ಲವನ್ನೂ ಅದು ಹೀರಿಕೊಳ್ಳುತ್ತಿತ್ತು.

ಸ್ಫ್ಯಾಗ್ನಂ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮಳೆನೀರಿನಲ್ಲಿರುವ ಅಲ್ಪಸ್ವಲ್ಪ ಲವಣಾಂಶವನ್ನು ಹಿಡಿದಿಟ್ಟುಕೊಂಡು, ಅದಕ್ಕೆ ಬದಲಾಗಿ ಹೈಡ್ರೊಜನ್ ಅಯಾನುಗಳನ್ನು ಹೊರಬಿಡುತ್ತದೆ. ಇದರಿಂದ ಸುತ್ತಲಿನ ನೀರು ಹುಳಿಯಾಗುತ್ತದೆ. ಪಿಎಚ್ ಮೌಲ್ಯ ಸುಮಾರು 4ಕ್ಕೆ ಇಳಿಯುತ್ತದೆ. ಹುಳಿ ನೀರು, ಗಾಳಿಯಿಲ್ಲದ ನೆಲ, ಗೊಬ್ಬರವಿಲ್ಲ. ಬೇರೆ ಗಿಡಗಳು ಬರಲಾರವು. ತನಗೆ ಬೇಕಾದ ಜಾಗವನ್ನು ಈ ಪುಟ್ಟ ಹಾವಸೆ ತಾನೇ ಕಟ್ಟಿಕೊಳ್ಳುತ್ತದೆ ಎನ್ನಬಹುದು.

ಇಂಥ ಕಷ್ಟದ ನೆಲದಲ್ಲೂ ಬದುಕುವ ಉಪಾಯ ಕಂಡುಕೊಂಡ ಗಿಡಗಳಿವೆ. ಹತ್ತಿಹುಲ್ಲು ಎನ್ನಬಹುದಾದ ಎರಿಯೋಫೊರಂ ಒಂದು. ಇದು ನಮ್ಮ ಜೇಕಿನ ಕುಟುಂಬದ್ದು. ಬೇಸಿಗೆಯ ಮೊದಲಲ್ಲಿ ಇದರ ತುದಿಯಲ್ಲಿ ಬಿಳಿ ಅರಳೆಯಂಥ ಗೊಂಡೆ ಮೂಡಿ, ಇಡೀ ಬೆಟ್ಟಕ್ಕೆ ಹಿಂಜಿದ ಹತ್ತಿ ಚೆಲ್ಲಿದಂತೆ ಕಾಣುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಇದರ ಬೇರು ಉಸಿರಾಡುವುದು ಹೇಗೆ? ನಮ್ಮ ಭತ್ತ ನಿಂತ ನೀರಿನಲ್ಲಿ ಹೇಗೆ ಬದುಕುತ್ತದೋ ಹಾಗೆಯೇ. ಎರಡರಲ್ಲೂ ಎಲೆಯಿಂದ ಬೇರಿನ ತನಕ ಗಾಳಿಯ ಕೊಳವೆಗಳಂಥ ಪೊಳ್ಳು ಅಂಗಾಂಶವಿದೆ. ಭತ್ತದ ಪೈರೊಂದನ್ನು ಕಿತ್ತು ಬುಡವನ್ನು ಅಡ್ಡಲಾಗಿ ಕೊಯ್ದು ಭೂತಗನ್ನಡಿಯಲ್ಲಿ ನೋಡಿ, ತೂತುಗಳು ಕಾಣುತ್ತವೆ.

ಡ್ರಾಸೆರಾ ಇನ್ನೂ ಜಾಣ ಗಿಡ. ನಾಣ್ಯದಷ್ಟೇ ಇರುವ ದುಂಡನೆಯ ಎಲೆ, ಅದರ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವ ಅಂಟು ಹನಿ. ಸೊಳ್ಳೆಯಂಥ ಹುಳ ಬಂದು ಕೂತರೆ ಅಂಟಿಕೊಂಡಿತು. ಕೂದಲುಗಳು ಮೆಲ್ಲನೆ ಬಾಗಿ ಅದನ್ನು ಅಪ್ಪಿಕೊಳ್ಳುತ್ತವೆ. ಎಲೆ ಸ್ರವಿಸುವ ರಸ ಹುಳವನ್ನು ಕರಗಿಸುತ್ತದೆ. ಮಣ್ಣಿನಲ್ಲಿ ಸಿಗದ ಸಾರಜನಕವನ್ನು ಗಿಡ ಹೀಗೆ ಸಂಪಾದಿಸುತ್ತದೆ. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಇಡೀ ಒಂದು ಪುಸ್ತಕ ಬರೆದರು. ಅದರಲ್ಲಿ ಹೆಚ್ಚಿನ ಪುಟಗಳು ಈ ಗಿಡಕ್ಕೇ ಮೀಸಲು. ಡ್ರಾಸೆರಾದ ಬೇರೆ ಪ್ರಭೇದಗಳು ನಮ್ಮ ಕರ್ನಾಟಕದಲ್ಲೂ ಇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ, ಕರಾವಳಿಯ ತೇವದ ಜಂಬಿಟ್ಟಿಗೆ ನೆಲದಲ್ಲಿ ಬಗ್ಗಿ ನೋಡಿದರೆ ಸಿಗಬಹುದು. ಬಗ್ಗದಿದ್ದರೆ ಸಿಗದು, ಅಷ್ಟು ಚಿಕ್ಕದು. ಕೊಳದ ನೀರಿನಲ್ಲಿ ಚೀಲದಂಥ ಬಲೆ ಒಡ್ಡಿ ನೀರಿನ ಕ್ರಿಮಿಗಳನ್ನು ಹೀರುವ ಯುಟ್ರಿಕ್ಯುಲೇರಿಯ ಅಲ್ಲಿಯೂ ಇದೆ, ನಮ್ಮ ಗದ್ದೆಗಳ ಅಂಚಿನಲ್ಲಿಯೂ ಇದೆ.

ಜೌಗು ದೂರದಿಂದ ನೋಡಿದರೆ ಒಂದೇ ಬಣ್ಣದ ಬಯಲು. ಹತ್ತಿರ ಹೋದರೆ ಹಲವು ಬೇರೆ ಬೇರೆ ನೆಲೆಗಳು. ಹಾವಸೆ ಗುಡ್ಡೆಗಟ್ಟಿ ಬೆಳೆದು ಉಬ್ಬುಗಳಾಗುತ್ತವೆ. ಉಬ್ಬಿನ ತಲೆ ನೀರಿನಿಂದ ಒಂದೆರಡು ಗೇಣು ಮೇಲಿರುವುದರಿಂದ ಸ್ವಲ್ಪ ಒಣಗಿರುತ್ತದೆ. ಅಲ್ಲಿ ಹೆದರ್ ಎಂಬ ನೇರಳೆ ಹೂವಿನ ಕುರುಚಲು ಗಿಡ, ಕೆಂಪು ಬಣ್ಣದ ಸ್ಫ್ಯಾಗ್ನಂ. ಪೆನೈನಿನ ಎತ್ತರದ ಜೌಗಿನಲ್ಲಾದರೆ ಕಿತ್ತಳೆ ಬಣ್ಣದ ಹಣ್ಣು ಬಿಡುವ ಕ್ಲೌಡ್‌ಬೆರಿಯೂ ಉಂಟು. ಉಬ್ಬುಗಳ ನಡುವಿನ ಸಮತಟ್ಟಿನಲ್ಲಿ ಹಳದಿ ಹೂವಿನ ಬಾಗ್ ಆಸ್ಫೊಡೆಲ್, ಡ್ರಾಸೆರಾ, ಹತ್ತಿಹುಲ್ಲು. ತಗ್ಗಿನ ಕಪ್ಪು ಕೊಳದಲ್ಲಿ ತೇಲುವ ಇನ್ನೊಂದು ಬಗೆಯ ಸ್ಫ್ಯಾಗ್ನಂ. ಅದನ್ನು ಎತ್ತಿ ಹಿಡಿದರೆ ನೀರಿಗೆ ಬಿದ್ದ ಬೆಕ್ಕಿನ ಮರಿಯಂತೆ ಕಾಣುತ್ತದೆ. ಒಂದೇ ಒಂದು ಮೊಳದ ಅಂತರದಲ್ಲಿ ಗಿಡಗಳು ಬದಲಾಗುತ್ತವೆ, ಅದೂ ನೀರಿನ ಮಟ್ಟದಲ್ಲಿ ಒಂದು ಗೇಣಿನ ವ್ಯತ್ಯಾಸಕ್ಕೆ. ಕೊಳಗಳಲ್ಲಿ ಕೊಡತಿ ಹುಳುಗಳ, ಅಂದರೆ ಏರೋಪ್ಲೇನ್ ಚಿಟ್ಟೆಗಳ ಮರಿಗಳು. ಆ ಹುಳಗಳನ್ನು ನಂಬಿ ಬೇಸಿಗೆಯಲ್ಲಿ ಮೊಟ್ಟೆಯಿಡಲು ಬರುವ ಡನ್‌ಲಿನ್, ಗ್ರೀನ್‌ಶ್ಯಾಂಕ್, ಗೋಲ್ಡನ್ ಪ್ಲವರ್ ಮುಂತಾದ ನೀರಂಚಿನ ಹಕ್ಕಿಗಳು. ಇವು ಗೂಡು ಮಾಡುವುದು ಮರದ ಮೇಲಲ್ಲ, ಬಟಾಬಯಲಿನ ನೆಲದ ಮೇಲೆ. ಇದು ನೆನಪಿರಲಿ.

ಉಪ್ಪಿನಕಾಯಿ ಜಾಡಿ

ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದಿರುವುದು ಏಕೆ? ಹುಳಿ ಇದೆ, ಉಪ್ಪು ಇದೆ. ಮೇಲೆ ನಿಂತ ಎಣ್ಣೆಯ ಪದರ ಗಾಳಿಯನ್ನು ತಡೆಯುತ್ತದೆ. ಜೌಗು ಕೂಡ ಒಂದು ಜಾಡಿಯೇ. ಹುಳಿ ಇದೆ, ಎಣ್ಣೆಯ ಬದಲು ನೀರು ನಿಂತಿದೆ. ಸಾವಿರಾರು ವರ್ಷಗಳ ಗಿಡಗಳು ಗಾಳಿಯಿಂದ ಹೀರಿಕೊಂಡ ಇಂಗಾಲ ಆ ಜಾಡಿಯಲ್ಲಿ ಕೆಡದೆ ಉಳಿದಿದೆ. ಫ್ಲೋ ಕಂಟ್ರಿಯ ಪೀಟಿನಲ್ಲಿ ಸುಮಾರು 40 ಕೋಟಿ ಟನ್ ಇಂಗಾಲವಿದೆಯೆಂದು ಅಂದಾಜು. ಬ್ರಿಟನ್ನಿನ ಎಲ್ಲ ಕಾಡುಗಳಲ್ಲಿ ಇರುವುದರ ಎರಡು ಪಟ್ಟಿಗಿಂತ ಹೆಚ್ಚು. ಇಡೀ ಭೂಮಿಯನ್ನು ತೆಗೆದುಕೊಂಡರೆ ಪೀಟ್ ನೆಲ ಶೇಕಡಾ 3ರಷ್ಟು ಮಾತ್ರ. ಆದರೆ ಅದರಲ್ಲಿರುವ ಇಂಗಾಲ ಜಗತ್ತಿನ ಎಲ್ಲ ಕಾಡುಗಳ ಗಿಡಮರಗಳಲ್ಲಿ ಇರುವುದಕ್ಕಿಂತ ಹೆಚ್ಚು. ಜೌಗು ಸ್ವಲ್ಪ ಮೀಥೇನ್ ಅನಿಲವನ್ನು ಹೊರಬಿಡುತ್ತದೆ ಎಂಬುದೂ ನಿಜ. ಆದರೂ ದೀರ್ಘಕಾಲದ ಲೆಕ್ಕದಲ್ಲಿ ನೆನೆದ ಜೌಗು ಲಾಭದಲ್ಲೇ ಇದೆ.

ಎಣ್ಣೆ ಬಸಿದರೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ. ಜೌಗಿನ ನೀರು ಬಸಿದರೂ ಅದೇ ಕಥೆ. ಗಾಳಿ ಒಳಹೊಕ್ಕು ಪೀಟ್ ಕೊಳೆಯತೊಡಗುತ್ತದೆ. ಇಂಗಾಲ ಮತ್ತೆ ಇಂಗಾಲದ ಡೈಆಕ್ಸೈಡ್ ಆಗಿ ಆಕಾಶ ಸೇರುತ್ತದೆ.

ಬ್ರಿಟನ್ನಿನಲ್ಲಿ ಮಾಡಿದ್ದು ಇದನ್ನೇ. ಎರಡನೇ ಮಹಾಯುದ್ಧದ ನಂತರ, 1970ರ ದಶಕದವರೆಗೂ, ಬೆಟ್ಟದ ಜೌಗಿನಲ್ಲಿ ಸಾಲುಸಾಲು ಕಾಲುವೆ ತೋಡಲು ಸರ್ಕಾರವೇ ಸಹಾಯಧನ ಕೊಟ್ಟಿತು. ನೆಲ ಒಣಗಿದರೆ ಕುರಿಗಳಿಗೆ ಮೇವು ಹೆಚ್ಚುತ್ತದೆ ಎಂಬ ಆಸೆ. ಮೇವು ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ, ಕೆಳಗಿನ ಜಲಾಶಯಗಳಿಗೆ ಕಂದು ನೀರು ಹರಿದು ಬಂತು. ಪೆನೈನಿನ ದಕ್ಷಿಣ ಭಾಗದಲ್ಲಿ ಅದಕ್ಕೂ ಮೊದಲೇ ಬೇರೊಂದು ಪೆಟ್ಟು ಬಿದ್ದಿತ್ತು. ಅದರ ಒಂದು ಮಗ್ಗುಲಲ್ಲಿ ಮ್ಯಾಂಚೆಸ್ಟರ್, ಇನ್ನೊಂದು ಮಗ್ಗುಲಲ್ಲಿ ಶೆಫೀಲ್ಡ್. ಕಲ್ಲಿದ್ದಲು ಉರಿಸುವ ಗಿರಣಿ, ಕುಲುಮೆಗಳ ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇತ್ತು. ಬೇರಿಲ್ಲದ ಸ್ಫ್ಯಾಗ್ನಂ ಗಾಳಿ, ಮಳೆಯಿಂದಲೇ ಎಲ್ಲವನ್ನೂ ಹೀರುವುದರಿಂದ ವಿಷವನ್ನೂ ಹೀರಿತು, ಸತ್ತಿತು. ಕಿಂಡರ್ ಸ್ಕೌಟ್, ಬ್ಲೀಕ್‌ಲೋ ಎಂಬ ಬೆಟ್ಟಗಳ ನೆತ್ತಿಯಲ್ಲಿ ಕಂಬಳಿ ಹರಿದು, ಕಪ್ಪು ಪೀಟ್ ಬೆತ್ತಲಾಗಿ, ಮಳೆಗೆ ಕೊಚ್ಚಿಹೋಗಿ ಕೊರಕಲುಗಳಾದವು. 2003ರಿಂದೀಚೆಗೆ ಅಲ್ಲಿ ಕೊರಕಲುಗಳಿಗೆ ಒಡ್ಡು ಕಟ್ಟಿ, ಹೆಲಿಕಾಪ್ಟರಿನಲ್ಲಿ ಕಲ್ಲು ಸಾಗಿಸಿ, ಕೈಯಿಂದ ಸ್ಫ್ಯಾಗ್ನಂ ಸಸಿಗಳನ್ನು ನೆಡುತ್ತಿದ್ದಾರೆ. ಚಾರಣಿಗರ ಕಾಲ್ತುಳಿತದಿಂದ ಜೌಗನ್ನು ಕಾಪಾಡಲು ದಾರಿಗೆ ಹಾಸಿರುವ ಚಪ್ಪಡಿಗಳಲ್ಲಿ ಎಷ್ಟೋ ಕಲ್ಲುಗಳು ಕೆಡವಿದ ಹಳೆಯ ಹತ್ತಿ ಗಿರಣಿಗಳ ನೆಲಹಾಸಿನವು. ಹಾವಸೆಯನ್ನು ಕೊಂದ ಹೊಗೆ ಎದ್ದದ್ದು ಅಂಥ ಗಿರಣಿಗಳಿಂದಲೇ. ಒಣಗಿದ ಪೀಟ್ ಎಷ್ಟು ಅಪಾಯಕಾರಿ ಎಂಬುದು 2018ರ ಜೂನ್‌ನಲ್ಲಿ ಮ್ಯಾಂಚೆಸ್ಟರ್ ಬಳಿಯ ಸ್ಯಾಡಲ್‌ವರ್ತ್ ಬೆಟ್ಟಕ್ಕೆ ಬೆಂಕಿ ಬಿದ್ದಾಗ ಎಲ್ಲರಿಗೂ ಗೊತ್ತಾಯಿತು. ನೆಲವೇ ಒಳಗೊಳಗೆ ಉರಿಯುತ್ತಿತ್ತು. ಆರಿಸಲು ಸೈನಿಕರನ್ನು ಕರೆಸಬೇಕಾಯಿತು.

ಮರ ನೆಟ್ಟು ಕೆಡಿಸಿದ್ದು

ಇನ್ನು ಫ್ಲೋ ಕಂಟ್ರಿಗೆ ಮರಳೋಣ. ಮೊದಲ ಮಹಾಯುದ್ಧದಲ್ಲಿ ಮರಮುಟ್ಟು ಸಾಲದೆ ಕಷ್ಟಪಟ್ಟ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗವನ್ನು ಸ್ಥಾಪಿಸಿತು. ಮರ ಬೆಳೆಸುವುದು ದೇಶಸೇವೆಯೆಂದು ತಿಳಿದ ಕಾಲ. ಮರ ನೆಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಇತ್ತು. 1970ರ ದಶಕದ ಕೊನೆಗೆ ಮತ್ತು 1980ರ ದಶಕದಲ್ಲಿ ದೂರದ ನಗರಗಳ ಸಿರಿವಂತರು ತೆರಿಗೆ ಉಳಿಸಲೆಂದು ಈ ಜೌಗಿನಲ್ಲಿ ಹಣ ಹೂಡಿದರು. ಎಂದೂ ನೋಡದ ನೆಲದಲ್ಲಿ ಮರದ ಒಡೆಯರಾದರು. ದೈತ್ಯ ನೇಗಿಲುಗಳು ಜೌಗನ್ನು ಸೀಳಿದವು. ಉತ್ತರ ಅಮೆರಿಕದ ಪಶ್ಚಿಮ ಭಾಗದಿಂದ ತಂದ ಸಿಟ್ಕಾ ಸ್ಪ್ರೂಸ್, ಲಾಡ್ಜ್‌ಪೋಲ್ ಪೈನ್ ಮರಗಳನ್ನು ಸಾಲಾಗಿ ನೆಟ್ಟರು, ಗೊಬ್ಬರ ಹಾಕಿದರು. ಊರಿಗೆ ಒಂದಷ್ಟು ಕೆಲಸ ಸಿಕ್ಕಿದ್ದೂ ಹೌದು. ಆ ಮೂಲೆಯ ಜನರಿಗೆ ಕೆಲಸ ಬೇಕಿತ್ತು. ಅವರನ್ನು ದೂರಲಾಗದು.

ಪರಿಣಾಮವನ್ನು ನೀವೇ ಊಹಿಸಬಹುದು. ಉಳುಮೆಯ ಚಾಲುಗಳು ಕಾಲುವೆಗಳಾಗಿ ನೀರು ಬಸಿದವು. ಬೆಳೆದ ಮರಗಳು ನೆಲದ ನೀರನ್ನು ಹೀರಿದವು. ಬಿದ್ದ ಮಳೆಯಲ್ಲಿ ಒಂದು ಪಾಲು ಎಲೆಗಳ ಮೇಲೆಯೇ ಆರಿಹೋಯಿತು. ನೆರಳಿನಲ್ಲಿ ಸ್ಫ್ಯಾಗ್ನಂ ಸತ್ತಿತು. ಪೀಟ್ ಕುಗ್ಗಿ ಬಿರುಕು ಬಿಟ್ಟಿತು. ಬಯಲಿನ ಹಕ್ಕಿಗಳು ತೋಪಿನಲ್ಲಿ ಗೂಡು ಮಾಡಲಾರವು. ತೋಪಿನ ಅಂಚಿನ ಬಯಲಿನಲ್ಲೂ ಅವು ಕಡಿಮೆಯಾದವು. ಮರಗಳಲ್ಲಿ ಆಶ್ರಯ ಪಡೆದ ಕಾಗೆ, ನರಿಗಳು ಮೊಟ್ಟೆಗೆ ಬರುತ್ತವೆ. 1987ರಲ್ಲಿ ಬ್ರಿಟನ್ನಿನ ಪ್ರಕೃತಿ ಸಂರಕ್ಷಣಾ ಮಂಡಳಿ ಹಕ್ಕಿ, ಜೌಗು, ಮರಗಳ ಈ ತಂಟೆಯ ಬಗ್ಗೆ ವರದಿ ಪ್ರಕಟಿಸಿತು. ಜೋರಾಗಿಯೇ ವಾದವಿವಾದ ನಡೆಯಿತು. 1988ರ ಬಜೆಟ್ಟಿನಲ್ಲಿ ಆ ತೆರಿಗೆ ರಿಯಾಯಿತಿ ರದ್ದಾಯಿತು. ನೇಗಿಲು ನಿಂತಿತು. 1995ರಲ್ಲಿ ಹಕ್ಕಿಗಳ ರಕ್ಷಣೆಯ ರಾಯಲ್ ಸೊಸೈಟಿ ಫಾರ್ಸಿನಾರ್ಡ್ ಎಂಬಲ್ಲಿ ಜೌಗು ನೆಲವನ್ನು ಕೊಂಡು ಕಾಪಾಡತೊಡಗಿತು. ನಾನು ಆರಂಭದಲ್ಲಿ ಹೇಳಿದ ಮರ ಕಡಿಯುವ ಕೆಲಸ ನಡೆಯುತ್ತಿರುವುದು ಅಲ್ಲಿ ಮತ್ತು ಸುತ್ತಮುತ್ತ. ಮರ ಕಡಿದರಷ್ಟೇ ಸಾಲದು. ಚಾಲುಗಳನ್ನು ಮುಚ್ಚಬೇಕು, ನೀರು ಮೇಲೇರಬೇಕು, ಹಾವಸೆ ಮರಳಬೇಕು. ದಶಕಗಳ ಕೆಲಸ. ನೇಗಿಲಿಗೆ ಒಂದು ದಿನ ಸಾಕಾಗಿತ್ತು.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ಉತ್ತರ ಸ್ಕಾಟ್ಲೆಂಡಿನ ಪೀಟಿನಡಿಯಲ್ಲಿ ನಾಲ್ಕು ಸಾವಿರ ವರ್ಷಗಳಷ್ಟು ಹಳೆಯ ಪೈನ್ ಮರದ ಬೊಡ್ಡೆಗಳು ಸಿಗುತ್ತವೆ. ಹಾಗಾದರೆ ಅಲ್ಲಿ ಕಾಡಿತ್ತಲ್ಲ, ಮತ್ತೆ ಕಾಡು ಬೆಳೆಸಿದರೆ ತಪ್ಪೇನು? ಕಾಡಿದ್ದದ್ದು ನಿಜ, ಕೆಲವೆಡೆ, ಕೆಲಕಾಲ. ಹವೆ ಇನ್ನಷ್ಟು ತೇವವಾದಾಗ ಅದು ಜೌಗಿನಲ್ಲಿ ಮುಳುಗಿತು. ಕೆಲವು ಬೆಟ್ಟಗಳಲ್ಲಿ ಆದಿಮಾನವರು ಮರ ಕಡಿದದ್ದೂ ಕಾರಣವಿರಬಹುದೆಂದು ವಿಜ್ಞಾನಿಗಳು ಚರ್ಚಿಸುತ್ತಾರೆ. ಆದರೆ ಆಮೇಲೆ ಕೂಡಿಟ್ಟ ಸಾವಿರಾರು ವರ್ಷಗಳ ಇಂಗಾಲವನ್ನು ಚೆಲ್ಲಿ, ನಲವತ್ತು ವರ್ಷಗಳಲ್ಲಿ ಕಡಿಯುವ ಸ್ಪ್ರೂಸ್ ತೋಪು ಬೆಳೆಸಿದರೆ ಹಳೆಯ ಕಾಡು ಮರಳಿದಂತಾಗುವುದಿಲ್ಲ.

ನಮ್ಮ ಶಾಲೆಗೆ ಇದರಿಂದೇನು?

ಕರ್ನಾಟಕದಲ್ಲಿ ಕಂಬಳಿ ಜೌಗು ಇಲ್ಲ. ಆದರೆ ಮರವಿಲ್ಲದ ನೆಲವೆಲ್ಲ ಬರಡು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿಯೂ ಬೇಕಾದಷ್ಟಿದೆ. ಕುದುರೆಮುಖ, ಬಾಬಾಬುಡನ್‌ಗಿರಿಯ ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು ಇರುವುದನ್ನು ನೋಡಿ, ‘ಅಯ್ಯೋ, ಮೇಲಿನ ಕಾಡನ್ನೆಲ್ಲ ಯಾರೋ ಕಡಿದಿದ್ದಾರೆ’ ಎನ್ನುವ ಪ್ರವಾಸಿಗರಿದ್ದಾರೆ. ಅಲ್ಲಿನ ಹುಲ್ಲು ಕಾಡಿನಷ್ಟೇ ಸಹಜವಾದದ್ದು. ಇದಕ್ಕೆ ಪೀಟ್ ಕೂಡ ಸಾಕ್ಷಿ ಹೇಳಿದೆ. ನಮ್ಮ ನೆರೆಯ ನೀಲಗಿರಿ ಬೆಟ್ಟಗಳ ಕಣಿವೆಗಳಲ್ಲಿ ಅಲ್ಪಸ್ವಲ್ಪ ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಅದರಲ್ಲಿನ ಇಂಗಾಲದ ಸಮಸ್ಥಾನಿಗಳನ್ನು ಅಳೆದು 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಲ್ಲು ಮತ್ತು ಮರ ಇಂಗಾಲವನ್ನು ಹೀರುವ ಬಗೆ ಬೇರೆ ಬೇರೆಯಾದ್ದರಿಂದ ಪೀಟಿನಲ್ಲಿ ಅವುಗಳ ಗುರುತು ಉಳಿಯುತ್ತದೆ. ಸುಮಾರು 20,000 ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ಹರಡಿತ್ತೆಂದು ತಿಳಿದುಬಂತು. ಕೊಡಲಿ ಹಿಡಿದ ಮನುಷ್ಯನಿಗೂ ಈ ಹುಲ್ಲಿಗೂ ಸಂಬಂಧವಿಲ್ಲ. ಅಂಥ ಹುಲ್ಲುಗಾವಲಿನ ಮೇಲೆಯೇ ಬ್ರಿಟಿಷರ ಕಾಲದಿಂದ ಯೂಕಲಿಪ್ಟಸ್, ವ್ಯಾಟಲ್ ಮರಗಳನ್ನು ಬೆಳೆಸಿದರು. ಆಸ್ಟ್ರೇಲಿಯದ ಆ ಯೂಕಲಿಪ್ಟಸ್ ಮರವನ್ನು ನಾವೀಗ ‘ನೀಲಗಿರಿ’ ಎಂದೇ ಕರೆಯುತ್ತೇವೆ! ಬಯಲುಸೀಮೆಯಲ್ಲೂ ಹಾಗೆಯೇ ಆಯಿತು. ರಾಣೆಬೆನ್ನೂರಿನಲ್ಲಿ ಬಯಲಿನ ಪ್ರಾಣಿಯಾದ ಕೃಷ್ಣಮೃಗಕ್ಕೆಂದು ಮಾಡಿದ ಅಭಯಾರಣ್ಯದ ದೊಡ್ಡ ಭಾಗವನ್ನು ನೀಲಗಿರಿ ತೋಪು ಆವರಿಸಿಕೊಂಡಿತು.

ನಾನು ಸಸಿ ನೆಡುವುದಕ್ಕೆ ವಿರೋಧಿಯಲ್ಲ. ಶಾಲೆಯ ಅಂಗಳದಲ್ಲಿ ಹೊಂಗೆ, ರಸ್ತೆಯ ಬದಿಯಲ್ಲಿ ಆಲ, ಕೆಟ್ಟುಹೋದ ಕಾಡಿನಲ್ಲಿ ಆ ಕಾಡಿನದೇ ಮರಗಳು, ಇವೆಲ್ಲ ಬೇಕೇಬೇಕು. ನನ್ನ ತಕರಾರು ಲೆಕ್ಕದ ಬಗ್ಗೆ. ಸಸಿಗಳ ಸಂಖ್ಯೆಯೊಂದನ್ನೇ ಕೇಳುವ ವನಮಹೋತ್ಸವ, ಖಾಲಿ ಕಂಡಲ್ಲೆಲ್ಲ ಗುಂಡಿ ತೋಡಲು ಮಕ್ಕಳಿಗೆ ಕಲಿಸುತ್ತದೆ. ಊರ ಹೊರಗಿನ ಗೋಮಾಳ, ಕೆರೆಯ ಹಿನ್ನೀರಿನ ಜವುಗು, ಕಲ್ಲುಬಂಡೆಯ ಹಾಸು, ಎಲ್ಲವೂ ಮಕ್ಕಳ ಕಣ್ಣಿಗೆ ಸಸಿಗಾಗಿ ಕಾದಿರುವ ಖಾಲಿ ಜಾಗಗಳಾಗುತ್ತವೆ. ತರಗತಿಯಲ್ಲಿ ‘ಬಂಜರು’, ‘ಪಾಳು’, ‘ನಿರುಪಯುಕ್ತ’ ಎಂಬ ಮಾತುಗಳನ್ನು ಹೇಳುವಾಗ, ಯಾರಿಗೆ ನಿರುಪಯುಕ್ತ ಎಂಬ ಪ್ರಶ್ನೆಯನ್ನೂ ಕೇಳಬೇಕು. ಕುರಿಗಾಹಿಗೋ, ಹಕ್ಕಿಗೋ, ಕಂದಾಯದ ಪುಸ್ತಕಕ್ಕೋ? ಸ್ಕಾಟ್ಲೆಂಡಿನವರು ಈ ಪ್ರಶ್ನೆ ಕೇಳಿದ್ದು ಉತ್ತ ಮೇಲೆ. ಕೋಟಿಗಟ್ಟಲೆ ಹಣ ಸುರಿದು ಈಗ ತಿದ್ದಿಕೊಳ್ಳುತ್ತಿದ್ದಾರೆ. ನಾವು ಗುಂಡಿ ತೋಡುವ ಮುನ್ನವೇ ಕೇಳಬಹುದು, ಖರ್ಚೇನೂ ಇಲ್ಲ.

ಶಿಕ್ಷಕ ಮಿತ್ರರೇ, ಈ ಮಳೆಗಾಲದಲ್ಲಿ ಸಸಿ ನೆಡಲು ಗೊತ್ತುಮಾಡಿದ ಜಾಗಕ್ಕೆ ಒಂದು ವಾರ ಮೊದಲೇ ಮಕ್ಕಳನ್ನು ಕರೆದುಕೊಂಡು ಹೋಗಿ. ನಾಲ್ಕು ಗೂಟ, ಒಂದು ಹುರಿ ಸಾಕು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಕಟ್ಟಿ. ಐದು ಮಕ್ಕಳ ಗುಂಪಿಗೆ ಒಂದು ಚೌಕ. ಅದರೊಳಗೆ ಎಷ್ಟು ಬಗೆಯ ಎಲೆ, ಎಷ್ಟು ಬಗೆಯ ಹುಳ, ನೆಲ ಒದ್ದೆಯೋ ಒಣಗಿದೆಯೋ, ಯಾವುದಾದರೂ ಗೂಡು, ಹಿಕ್ಕೆ, ಹೆಜ್ಜೆಗುರುತು ಇದೆಯೋ ಎಂದು ಅರ್ಧ ಗಂಟೆ ಬಗ್ಗಿ ನೋಡಿ ಬರೆಯಲಿ. ಗಿಡದ ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬಿಡಿಸಲಿ. ಊರಿನ ದನ ಕಾಯುವವರೊಬ್ಬರನ್ನು ಜೊತೆಗೆ ಕರೆಯಿರಿ. ಹುಲ್ಲಿನ ಹೆಸರುಗಳು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ಪಟ್ಟಿ ಉದ್ದವಾದರೆ ಗುಂಡಿಯನ್ನು ಬೇರೆ ಕಡೆ ತೋಡೋಣ. ಸಸಿಗಳ ಲೆಕ್ಕದ ಜೊತೆಗೆ ಆ ಪಟ್ಟಿಯನ್ನೂ ಮೇಲಿನ ಕಚೇರಿಗೆ ಕಳುಹಿಸಿ. ಕೆಂಪು ಕೂದಲಿನ, ಇಬ್ಬನಿ ಹೊತ್ತ ಪುಟ್ಟ ಎಲೆಯೇನಾದರೂ ಕಂಡರೆ ಕೀಳಬೇಡಿ, ಅದರ ಮೇಲೆ ಎಷ್ಟು ಹುಳ ಅಂಟಿವೆ ಎಣಿಸಿ.